ಮಾತ್ರೆ ನುಂಗಿದಿರಾ ಎಂದು ಕೇಳುವ ಮೊದಲು



ಕ್ಷಯರೋಗಕ್ಕೆ ಮದ್ದಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೇ ಸಿಗುತ್ತದೆ. ಸಾಮಾನ್ಯ ಕ್ಷಯವಾದರೆ 6 ತಿಂಗಳು ದಿನವೂ ಮಾತ್ರೆ ನುಂಗಬೇಕು. ತೊಡಕಿರುವುದು ಇಲ್ಲೇ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಂತು, ಮೈ ತುಂಬಿ, ರೋಗ ಹೋಯಿತೆಂದೇ ಅನಿಸುತ್ತದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಒಂದೂವರೆ ಶಿಫ್ಟ್ ದುಡಿಯುವವರಿಗೆ ಆಸ್ಪತ್ರೆಗೆ ಹೋದ ದಿನ ಕೂಲಿಯಿಲ್ಲ. ವಾಕರಿಕೆ ಬೇರೆ. ಮೂತ್ರ ಕೆಂಪಾದದ್ದನ್ನು ಕಂಡು ಹೆದರಿ ಬಿಡುವವರೂ ಉಂಟು; ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ಅಷ್ಟೆ. (ಕಣ್ಣು ಹಳದಿಯಾದರೆ ಮಾತ್ರ ಕೂಡಲೇ ವೈದ್ಯರಿಗೆ ತೋರಿಸಬೇಕು.) ನಡುವೆ ಬಿಟ್ಟರೆ ರೋಗ ಮರಳುತ್ತದೆ, ಕೆಲವೊಮ್ಮೆ ಮದ್ದಿಗೇ ಬಗ್ಗದಂತಾಗುತ್ತದೆ.

ಆದ್ದರಿಂದ ಒಬ್ಬರು ಎದುರಿಗಿದ್ದು ಮಾತ್ರೆ ನುಂಗಿಸುವ ಪದ್ಧತಿ ಬಂತು. ನಮ್ಮ ಅನ್ಬಿಯಂಗಳಲ್ಲಿ ಯಾರಾದರೂ ಈ ಕೆಲಸಕ್ಕೆ ಒಪ್ಪಿದರೆ ಒಂದು ಪ್ರಶ್ನೆ ಏಳುತ್ತದೆ. ವಯಸ್ಸಿಗೆ ಬಂದ ಒಬ್ಬರು ಮಾತ್ರೆ ನುಂಗಿದರೋ ಇಲ್ಲವೋ ಎಂದು ನೋಡಲು ನಮಗೇನು ಹಕ್ಕು?

ಸ್ವಲ್ಪ ಇದೆ. ಒಂದೇ ಕೋಣೆಯ ಮನೆಗಳಲ್ಲಿ ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಳ್ಳುತ್ತಾರೆ. ಆದರೆ ‘ನಮ್ಮ ಸಲುವಾಗಿ ನುಂಗಿ’ ಎನ್ನುವವರು ಅವರಿಗೇನಾದರೂ ಕೊಡಬೇಕಾಗುತ್ತದೆ. ಸರ್ಕಾರ ಪೌಷ್ಟಿಕ ಆಹಾರಕ್ಕೆ ಕೊಡುವ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಿದೆ. ಹಾಲು ಮೊಟ್ಟೆಗೆ ಆದೀತು, ಹೋದ ಕೂಲಿಗೆ ಸಾಲದು.

1950ರ ದಶಕದಲ್ಲಿ ಮದರಾಸಿನ ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಮನೆಯಲ್ಲೇ ಚಿಕಿತ್ಸೆ ಕೊಟ್ಟು ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರೆಂದು 1959ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷಿಸುತ್ತಿದ್ದರು. ವೈದ್ಯರು ಹಾಗೆ ಮಾಡಬೇಕಾದೀತು. ನೆರೆಯವರು ಮಾಡಬಾರದೆಂದು ನಮಗನಿಸುತ್ತದೆ. ‘ಯಾಕೆ ನುಂಗಲಿಲ್ಲ?’ ಎಂದು ಗದರಿದರೆ ‘ನುಂಗಿದೆ’ ಎಂಬ ಸುಳ್ಳೇ ಬರುತ್ತದೆ. ‘ನಿನ್ನೆ ಏನು ಅಡ್ಡಿಯಾಯ್ತಣ್ಣಾ?’ ಎಂದರೆ ವಾಂತಿ, ನೈಟ್ ಶಿಫ್ಟು, ಕುಡಿತ, ಇದ್ದದ್ದು ಹೊರಗೆ ಬರುತ್ತದೆ.

ಗೆತ್ಸೆಮನೆಯಲ್ಲಿ ಯೇಸುಸ್ವಾಮಿ ಶಿಷ್ಯರಿಂದ ಬಯಸಿದ್ದು ಎಚ್ಚರವಾಗಿ ಜೊತೆಗಿರುವುದನ್ನಷ್ಟೆ. ಅದೇ ರಾತ್ರಿ ಕಾವಲಿನವರೂ ಅವರನ್ನು ಕಾದರು. ನಮ್ಮ ಭಾಷೆಯಲ್ಲಿ ಎರಡೂ ಕಾಯುವುದೇ.

ಇನ್ನೊಂದು ಮಾತು. ಬಲಿಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವಾಗ ಹೆಸರಿನ ಜೊತೆ ‘ಕ್ಷಯ’ ಎಂದು ಓದುವುದು ಬೇಡ. ಇಲ್ಲಿ ಕನ್ನಡದವರು ಕೆಲವೇ ಮನೆ, ಎಲ್ಲರಿಗೂ ಎಲ್ಲರೂ ಗೊತ್ತು. ಒಂದು ಮದುವೆಯ ಮಾತು ಮುರಿಯಲು, ಬಾಡಿಗೆ ಮನೆ ಬಿಡಿಸಲು ಅಷ್ಟು ಸಾಕು. ಪ್ರಾರ್ಥನೆಯಲ್ಲಿ ರೋಗದ ವಿವರವನ್ನು ದೇವರಿಗೆ ತಿಳಿಸಬೇಕಾದ ಅಗತ್ಯವೂ ಇಲ್ಲವಲ್ಲ.

ಮಾಡಬಹುದಾದ ಸಣ್ಣ ಕೆಲಸಗಳು ಬೇಕಾದಷ್ಟಿವೆ. ತಮಿಳು ಓದಲು ಬಾರದವರಿಗೆ ಆಸ್ಪತ್ರೆಯ ಚೀಟಿ ಓದಿ ಹೇಳಬಹುದು. ಹಬ್ಬಕ್ಕೆ ಕೊಳ್ಳೇಗಾಲದ ಕಡೆ ಊರಿಗೆ ಹೊರಟವರ ಜೊತೆ ಮುಂಚೆಯೇ ಆಸ್ಪತ್ರೆಗೆ ಹೋಗಿ, ಅಷ್ಟು ದಿನದ ಮಾತ್ರೆ ಕೇಳಿ ತರಬಹುದು.