ಮಾತಿಲ್ಲದ ರಚನೆಗೆ ಅಂಕಿತವೆಲ್ಲಿ?

ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಮೊದಲಾದ ಲಯವಾದ್ಯಗಳ ಮೇಳಕ್ಕಾಗಲಿ ಒಂಟಿ ವಾದ್ಯಕ್ಕಾಗಲಿ, ಹಿಂದೆ ಯಾರೂ ನುಡಿಸದಿದ್ದ ಬಂಧವೊಂದನ್ನು ಹೊಸದಾಗಿ ಕಟ್ಟಿದವನು ಅದನ್ನು ‘ನನ್ನದು’ ಎನ್ನಬಹುದೇ? ಕಾಯಕವು ಲಿಂಗಾರ್ಪಿತವೆಂದು ನಂಬಿದವರಿಗೆ ಇದು ಕೇವಲ ಸಂಗೀತಗಾರರ ಪ್ರಶ್ನೆಯಲ್ಲ.

ಪೂರ್ವಿಕರ ಜತಿಗಳಿರುವಾಗ ಹೊಸತೇಕೆ ಎಂಬ ಆಕ್ಷೇಪವು ನಿಲ್ಲಲಾರದು. ವಚನವೆಂಬುದೇ ಹನ್ನೆರಡನೆಯ ಶತಮಾನದಲ್ಲಿ ಹೊಸತಾಗಿದ್ದಿತು. ತಾಳಮಾನಗಳನ್ನರಿಯೆನೆಂದು ಹೇಳಿಕೊಂಡ ಬಸವಣ್ಣನವರೇ ತಮ್ಮ ಕಾಯವನ್ನು ವೀಣೆಯಾಗಿಸಿಕೊಳ್ಳೆಂದು ದೇವನಲ್ಲಿ ಮೊರೆಯಿಟ್ಟರು. ಆದುದರಿಂದ ನೂತನತ್ವವು ದೋಷವಲ್ಲ, ಶಂಕೆಯಿರುವುದು ಕರ್ತೃತ್ವಾಭಿಮಾನದಲ್ಲಿ.

ಶರಣರು ಈ ಅಭಿಮಾನಕ್ಕೆ ಕಂಡುಕೊಂಡ ಮದ್ದು ಅಂಕಿತ. ವಚನದ ಕೊನೆಯಲ್ಲಿ ನಿಲ್ಲುವುದು ರಚಿಸಿದವನ ಹೆಸರಲ್ಲ, ಅವನ ಇಷ್ಟದೈವದ ಹೆಸರು. ಡಕ್ಕೆ ಬಾರಿಸುವುದೇ ಕಾಯಕವಾಗಿದ್ದ ಡಕ್ಕೆಯ ಬೊಮ್ಮಣ್ಣನ ವಚನಗಳು ಕಾಲಾಂತಕ ಭೀಮೇಶ್ವರಲಿಂಗದ ಅಂಕಿತದೊಡನೆ ಇಂದಿಗೂ ಉಳಿದಿವೆ. ಆತನ ಡಕ್ಕೆಯ ಪೆಟ್ಟುಗಳಲ್ಲಿ ಒಂದೂ ಉಳಿಯಲಿಲ್ಲ. ಮಾತಿಲ್ಲದ ನಾದದಲ್ಲಿ ಅಂಕಿತವನ್ನಿಡಲು ಎಡೆಯೆಲ್ಲಿ?

ರಚನೆಯ ಒಳಹೊಕ್ಕು ನೋಡಬೇಕು. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರ. ಚತುರಶ್ರ ನಡೆಯಲ್ಲಿ ಅಕ್ಷರಕ್ಕೆ 4ರಂತೆ 32 ಮಾತ್ರೆ. 10 ಮಾತ್ರೆಗಳ ಒಂದು ಸೊಲ್ಲನ್ನು ಮೂರಾವರ್ತಿ ನುಡಿಸಿದರೆ 30 ಆಗುವುದು. ಸೊಲ್ಲು ಸೊಲ್ಲಿನ ನಡುವೆ ಒಂದೊಂದು ಮಾತ್ರೆಯ ಮೌನವಿಟ್ಟರೆ 32 ತುಂಬಿ, ಮುಂದಿನ ಪೆಟ್ಟು ಸಮದಲ್ಲಿ ಬಂದು ಬೀಳುವುದು. ಆ ಎರಡು ಮಾತ್ರೆಗಳಲ್ಲಿ ಯಾರ ಕೈಯೂ ಆಡದು. ಆದರೂ ಅವಿಲ್ಲದೆ ಮುಕ್ತಾಯವಿಲ್ಲ. ಒಬ್ಬನೇ ನುಡಿಸುವಾಗ ಈ ಮೌನವು ಲೆಕ್ಕ ಮಾತ್ರ. ಮೇಳದಲ್ಲಿಯಾದರೋ ಅದು ವ್ರತ. ನಾಲ್ವರಲ್ಲಿ ಒಬ್ಬನು ತನ್ನ ಕೈಚಳಕದ ಮೋಹದಿಂದ ಅಲ್ಲೊಂದು ಪೆಟ್ಟು ಹಾಕಿದರೆ, ಉಳಿದ ಮೂವರ ಸಂಯಮವೂ ಕೆಟ್ಟಿತು. ರಚಿಸುವವನು ಇತರರಿಗೆ ತೆರವು ಮಾಡಿಕೊಡುವುದೇ ಮಾತಿಲ್ಲದ ಅಂಕಿತವೆನ್ನಲು ಅಡ್ಡಿಯಿಲ್ಲ. (ಖಂಜಿರದವನ ಸರದಿಯಲ್ಲಿಯೂ ಮೃದಂಗದ ಶ್ರುತಿ ಸರಿಪಡಿಸುತ್ತಾ ತಟ್ಟುತ್ತಿರುವ ವಿದ್ವಾಂಸರು ಇದನ್ನು ಒಪ್ಪಲಿಕ್ಕಿಲ್ಲ.)

ಹಾಗಾದರೆ ರಚಿಸಿದವನ ಹೆಸರನ್ನೇ ಅಳಿಸಿಬಿಡಬೇಕೋ? ಕೂಡದು. ತನ್ನ ಹೆಸರನ್ನು ತಾನು ಬಿಡುವುದು ವೈರಾಗ್ಯ. ಪರರ ಹೆಸರನ್ನು ಬಿಡಿಸುವುದು ಅಪಹಾರ. ಕಾಯಕಕ್ಕೆ ತಕ್ಕ ಪ್ರತಿಫಲವಿಲ್ಲದಿದ್ದರೆ ದಾಸೋಹಕ್ಕೆ ದಾರಿಯೆಲ್ಲಿ? ಅಲ್ಲದೆ ಲಯದ ರಚನೆಯು ಬೆರಳಿನಲ್ಲಿಯೇ ಹುಟ್ಟುವುದಿಲ್ಲ. ಪಾಲಘಾಟ್ ಮಣಿ ಅಯ್ಯರ್ (1912–1981) ಅವರ ಮೃದಂಗದ ನಾದದ ಹಿಂದೆ ತಂಜಾವೂರಿನ ಪರ್ಲಾಂದು ಎಂಬ ಕುಶಲಕರ್ಮಿಯ ಶ್ರಮವಿದ್ದಿತು. ಚರ್ಮವನ್ನು ಹದಮಾಡಿ, ಬಾರು ಬಿಗಿದು, ಕರಣೆಯನ್ನು ಪದರಪದರವಾಗಿ ತಿಕ್ಕಿ ಹಚ್ಚುವ ಇಂಥವರ ಹೆಸರು ಸಭೆಗಳಲ್ಲಿ ಕೇಳಿಬರುವುದು ವಿರಳ. 2020ರಲ್ಲಿ ಟಿ. ಎಂ. ಕೃಷ್ಣ ಅವರು ಮೃದಂಗ ತಯಾರಿಸುವವರನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಬೇಕಾಯಿತು. ಹರಳಯ್ಯನವರನ್ನು ಶರಣನೆಂದು ಪೂಜಿಸುವವರಿಗೆ ಇದು ಹೊಸ ಮಾತಾಗಬಾರದಿತ್ತು.

ನಮ್ಮ ಜಾತ್ರೆಗಳ ಆಹ್ವಾನಪತ್ರಿಕೆಗಳನ್ನೇ ನೋಡಬಹುದು. ದಾನಿಗಳ ಹೆಸರು ಮೊತ್ತಸಹಿತ ಅಚ್ಚಾಗಿರುವುದು. ಸಾನ್ನಿಧ್ಯ ವಹಿಸುವವರ ಬಿರುದುಗಳಿಗೆ ಅರ್ಧ ಪುಟ. ರಾತ್ರಿಯೆಲ್ಲ ಪಲ್ಲಕ್ಕಿಯ ಮುಂದೆ ನಡೆಯುವ ಕರಡಿಮಜಲಿನವರಿಗೆ ‘ಸಕಲ ವಾದ್ಯವೈಭವಗಳೊಂದಿಗೆ’ ಎಂಬ ಮೂರು ಪದ. ಅವರಲ್ಲೊಬ್ಬನು ಈ ವರುಷ ಹೊಸದೊಂದು ನಡೆಯನ್ನು ಕಟ್ಟಿ ತಂದಿದ್ದರೆ ಅದನ್ನು ಕೇಳಿ ತಿಳಿದುಕೊಂಡವರಾರು? ಪತ್ರಿಕೆಯಲ್ಲಿ ಇನ್ನೊಂದು ಸಾಲಿಗೆ ಸ್ಥಳವಿದೆ. ದಾಸೋಹದ ಪಂಕ್ತಿಯಲ್ಲಿ, ದಾನಿಗಳ ಪಕ್ಕದಲ್ಲಿಯೇ, ಎಲೆ ಹಾಕುವುದಕ್ಕೂ ಸ್ಥಳವಿದೆ.