ಪರದೆಯ ಅಂಚು

ಫೋಟೊ ಸುಳ್ಳು ಹೇಳುವುದಿಲ್ಲ ಎಂದು ನಾವು ಬಲವಾಗಿ ನಂಬಿದ್ದೇವೆ. ಈ ನಂಬಿಕೆಯನ್ನೇ ಕೆಣಕಿದವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. ಬರೋಡಾದಲ್ಲಿ ಶಿಲ್ಪಕಲೆ ಕಲಿತ ಅವರು 1990ರ ದಶಕದ ನಡುವಿನಿಂದ ತಾವೇ ವೇಷ ತೊಟ್ಟು ಕ್ಯಾಮೆರಾದ ಮುಂದೆ ನಿಂತರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ ದಕ್ಷಿಣ ಭಾರತದ ಹೆಂಗಸರ ಒಂದು ಚಿತ್ರಮಾಲೆಯನ್ನೇ ಮಾಡಿದರು. ರವಿವರ್ಮನ ಲಕ್ಷ್ಮಿಯೂ ಅವರೇ, ಪೊಲೀಸರ ಕೈಗೆ ಸಿಕ್ಕ ಕಳ್ಳಿಯೂ ಅವರೇ!

ಜರ್ಮನಿಯ ಥಾಮಸ್ ಡೆಮಾಂಡ್ ಎಂಬುವರದು ಇನ್ನೊಂದು ಬಗೆ. ಸುದ್ದಿಯಾದ ಕೋಣೆಗಳನ್ನು ಕಾಗದ, ರಟ್ಟಿನಿಂದ ನಿಜದ ಅಳತೆಯಲ್ಲೇ ಕಟ್ಟಿ, ಫೋಟೊ ತೆಗೆದು, ಕಟ್ಟಿದ್ದನ್ನು ಕೆಡವಿಬಿಡುತ್ತಾರೆ. ಆದರೆ ದಿಟ್ಟಿಸಿ ನೋಡಿ, ಆ ಕೋಣೆಯ ಕಾಗದಪತ್ರಗಳ ಮೇಲೆ ಒಂದಕ್ಷರವೂ ಇರುವುದಿಲ್ಲ.

ಇದು ಮೋಸವೇ? ನನಗೆ ಹಾಗೆನ್ನಿಸುವುದಿಲ್ಲ. ಪುಷ್ಪಮಾಲಾ ತಮ್ಮ ಹಿಂದಿನದು ಬಣ್ಣದ ಪರದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದೇ ಮಾಲೆಯಲ್ಲಿ ಅವರು ಚೌಕಳಿ ಗೆರೆಗಳ ಪರದೆಯ ಮುಂದೆಯೂ ನಿಂತಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಬುಡಕಟ್ಟಿನ ಜನರನ್ನು ಹಾಗೆ ನಿಲ್ಲಿಸಿ, ಮೈಯಳತೆ ಹಿಡಿದು ಫೋಟೊ ತೆಗೆಯುತ್ತಿದ್ದರು. ಅಲ್ಲಿ ಅಳತೆಯೆಲ್ಲ ನಿಜ. ನಿಂತವಳು ಯಾರೆಂಬುದು ಮಾತ್ರ ಅದರಲ್ಲಿಲ್ಲ.

ಅಳತೆಯ ಪರದೆ ನಮ್ಮ ಊರುಗಳಿಗೇನು ಹೊಸದಲ್ಲ. ಬೀದರ, ಭಾಲ್ಕಿ, ಔರಾದಗಳ ಸ್ಟುಡಿಯೋಗಳಲ್ಲಿ ಹಂಸ, ಕಾರಂಜಿ ಬರೆದ ಪರದೆಗಳಿದ್ದವು. ವರನ ಕಡೆಯವರಿಗೆ ಕಳಿಸಲು ಹುಡುಗಿಯನ್ನು ಅವುಗಳ ಮುಂದೆ ನಿಲ್ಲಿಸುತ್ತಿದ್ದರು. ಎತ್ತರ ತಿಳಿಯಬೇಕು, ಬಣ್ಣ ತಿಳಿಯಬೇಕು. ಬಣ್ಣವನ್ನು ತುಸು ತಿಳಿ ಮಾಡಿಕೊಡುವುದೂ ಸ್ಟುಡಿಯೋದವನ ಕೆಲಸವೇ. ಇದನ್ನು ಯಾರೂ ಸುಳ್ಳೆನ್ನಲಿಲ್ಲ, ರೂಢಿ ಎಂದರು.

ಔರಾದದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋಟೊ ಹೀಗೇ ಭಾಲ್ಕಿಗೆ ಹೋಯಿತು. ನೋಡಲು ಬಂದವರು ತಟ್ಟೆಯ ಅವಲಕ್ಕಿ ಮುಗಿಸಿ, ತುಂಬಿದ ಮನೆಯಲ್ಲಿ ಫೋಟೊ ತೆಗೆದು ಅವಳ ಮುಖದ ಪಕ್ಕಕ್ಕೆ ಹಿಡಿದರು. "ಫೋಟೊದಾಗ ಇದ್ದಂಗ ಹುಡುಗಿ ಇಲ್ಲಲ್ಲ," ಎಂದಳು ಹುಡುಗನ ಅತ್ತೆ. ಹುಡುಗಿ ಇದ್ದಂತೆ ಫೋಟೊ ಇಲ್ಲ ಎಂದು ಒಬ್ಬರೂ ಹೇಳಲಿಲ್ಲ. ಕಲಾವಿದೆ ಸಂಜೆಗೆ ವೇಷ ಕಳಚಬಲ್ಲಳು. ಈ ಹುಡುಗಿ ಕಳಚಬೇಕಾದದ್ದು ತನ್ನ ಮುಖವನ್ನೇ. ತಾನು ಕೇಳದ ಬಣ್ಣಕ್ಕೆ ಅವಳು ಜವಾಬು ಕೊಡಬೇಕಾಯಿತು.

ಆಮೇಲೆ ಅವಳು ಅದೇ ಫೋಟೊದ ಇನ್ನೊಂದು ಪ್ರತಿ ತೋರಿಸಿದಳು. ಭಾಲ್ಕಿಗೆ ಹೋದದ್ದರಲ್ಲಿ ಅಂಚು ಕತ್ತರಿಸಿದ್ದರು, ಇದರಲ್ಲಿ ಉಳಿದಿತ್ತು. ಹಂಸದ ಪರದೆ ಮುಗಿದಲ್ಲಿ ಸುಣ್ಣ ಉದುರಿದ ಗೋಡೆ, ಹೊರಗೆ ಬಗ್ಗಿ ಕೂತ ಅವ್ವನ ಒಂದು ಕೈ. ಸೀರೆಯ ನಿರಿಗೆ ಚದುರದಂತೆ ಹಿಡಿದಿತ್ತು.