ಅಸತ್ಯದ ಮೂಲ

ಶ್ರಾವಕನಿಗೆ ವಿಹಿತವಾದ ಪಂಚಾಣುವ್ರತಗಳಲ್ಲಿ ಸತ್ಯಾಣುವ್ರತವು ಎರಡನೆಯದು. ಸತ್ಯವ್ರತದ ಸ್ಥೈರ್ಯಕ್ಕಾಗಿ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಐದು ಭಾವನೆಗಳನ್ನು ಹೇಳಿದ್ದಾರೆ. ಕ್ರೋಧ, ಲೋಭ, ಭಯ, ಹಾಸ್ಯ ಈ ನಾಲ್ಕರ ತ್ಯಾಗ ಮತ್ತು ವಿಚಾರಪೂರ್ವಕವಾದ ಮಾತು, ಇವೇ ಆ ಐದು. ಮನುಷ್ಯನು ಸುಳ್ಳಾಡುವುದೇಕೆಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಅಡಗಿದೆ. ನಾಲಿಗೆಯು ತಾನಾಗಿ ತಪ್ಪುವುದಿಲ್ಲ. ಒಳಗಿನ ವಿಕಾರವು ಅದನ್ನು ತಪ್ಪಿಸುತ್ತದೆ. ಆದುದರಿಂದಲೇ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನೂ ಹಿಂಸೆಯೆಂದೇ ಎಣಿಸಿದ್ದಾರೆ. ಅದರ ಮೊದಲ ಪೆಟ್ಟು ಬೀಳುವುದು ನುಡಿದವನ ಆತ್ಮಕ್ಕೆ.

ವಸುರಾಜನ ಕಥೆ ಪುರಾಣಪ್ರಸಿದ್ಧವಾದುದು. ಯಜ್ಞಪ್ರಕರಣದ ‘ಅಜ’ ಶಬ್ದಕ್ಕೆ 3 ವರ್ಷ ಕಳೆದು ಮೊಳೆಯುವ ಶಕ್ತಿಯಳಿದ ಧಾನ್ಯವೆಂದು ನಾರದನೂ, ಆಡೆಂದು ಗುರುಪುತ್ರನಾದ ಪರ್ವತನೂ ವಾದಿಸಿದರು. ಅವರ ಸಹಪಾಠಿಯಾಗಿದ್ದ ವಸುವಿಗೆ ಗುರುಗಳು ಹೇಳಿದ್ದ ಅರ್ಥವು ತಿಳಿದಿತ್ತು. ಆದರೂ ಗುರುಪತ್ನಿಯ ಬೇಡಿಕೆಗೆ ಕಟ್ಟುಬಿದ್ದು ಪರ್ವತನ ಪಕ್ಷವನ್ನು ಹಿಡಿದನು. ಸಿಂಹಾಸನದೊಡನೆ ಕುಸಿದು ನರಕಕ್ಕಿಳಿದನು. ಅವನಲ್ಲಿ ಕ್ರೋಧವಿರಲಿಲ್ಲ, ಧನದ ಆಸೆಯೂ ಇರಲಿಲ್ಲ. ಇಲ್ಲವೆನ್ನುವ ಧೈರ್ಯವೊಂದು ಇರಲಿಲ್ಲ. ಆ ಒಂದು ಮಾತಿನ ಫಲವನ್ನು ಅವನೊಬ್ಬನೇ ಉಂಡನೆ? ಮಾತೇ ಇಲ್ಲದ ಪಶುಗಳು ಯಜ್ಞಶಾಲೆಯಲ್ಲಿ ಅದನ್ನು ತೆತ್ತವು.

ಈ ಭಯವು ಅರಮನೆಯಲ್ಲಿ ಮಾತ್ರವಿರುವುದಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸವನ್ನು ಕೈಗೊಂಡ ಸೊಸೆಯೊಬ್ಬಳು ಮೂರನೆಯ ದಿನ ತಲೆಸುತ್ತು ತಾಳಲಾರದೆ ಹಾಲು ಕುಡಿದಳೆನ್ನೋಣ. ಮನೆಯವರ ನಿಂದೆಗೆ ಅಂಜಿ ಅದನ್ನು ಮುಚ್ಚಿಡುತ್ತಾಳೆ. ಪಾರಣೆಯ ದಿನ ಎಲ್ಲರ ಪ್ರಶಂಸೆಯನ್ನು ತಲೆತಗ್ಗಿಸಿ ಕೇಳುತ್ತಾಳೆ. ಉಪವಾಸವು ಭಂಗವಾದುದಕ್ಕೆ ಪ್ರಾಯಶ್ಚಿತ್ತವುಂಟು. ಆದರೆ ಮುಚ್ಚಿಟ್ಟ ದೋಷಕ್ಕೆ ಆಲೋಚನೆಯಿಲ್ಲ, ಆಲೋಚನೆಯಿಲ್ಲದೆ ಶುದ್ಧಿಯಿಲ್ಲ. ಅವಳ ಸುಳ್ಳಿಗೆ ಅವಳೇ ಹೊಣೆ, ನಿಜ. ಆದರೆ ನಿಜ ನುಡಿಯಲು ಅಂಜುವಂತೆ ಮಾಡಿದ ಮನೆಯವರು ನಿರ್ದೋಷಿಗಳೆ? ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತ್ಯನುಸಾರವೆಂದು ಹೇಳಿರುವುದನ್ನು ಅವರು ಮರೆತರು. ನೆರೆಮನೆಯ ಎಂಟು ಉಪವಾಸಗಳೊಡನೆ ತಮ್ಮ ಮನೆಯ ಎಣಿಕೆಯನ್ನು ಹೋಲಿಸಿದರು. ಇದನ್ನೆಲ್ಲ ಕಂಡ ಮಕ್ಕಳು ಕಲಿತದ್ದು ವ್ರತವನ್ನಲ್ಲ, ವ್ರತದ ಪ್ರದರ್ಶನವನ್ನು. ಒಬ್ಬಳ ಅಸತ್ಯವು ಹೀಗೆ ಮನೆಯ ಆಚಾರವೇ ಆಗುತ್ತದೆ.

ಸತ್ಯವ್ರತಿಯಾದ ಗೃಹಸ್ಥನಿಗೆ ಆದುದರಿಂದ ಎರಡು ಕರ್ತವ್ಯಗಳು. ತಾನು ನಿಜವನ್ನು ನುಡಿಯುವುದು ಒಂದು. ತನ್ನೆದುರು ನಿಜ ನುಡಿದವರಿಗೆ ಅಭಯವನ್ನು ನೀಡುವುದು ಇನ್ನೊಂದು. “ಇಂದು ನನ್ನಿಂದ ಆಗಲಿಲ್ಲ” ಎಂಬ ಮಾತನ್ನು ಶಾಂತಚಿತ್ತದಿಂದ ಕೇಳಬಲ್ಲ ಮನೆಯಲ್ಲಿ ಏಕಾಶನವೂ ಮಹಾತಪಸ್ಸು. ಆ ಮಾತನ್ನು ಸಹಿಸಲಾರದ ಮನೆಯಲ್ಲಿ ಹತ್ತು ದಿನಗಳ ಉಪವಾಸವೂ ಬರಿಯ ಹಸಿವು.